ಮೂವತ್ತು ಅಂಕದ ಸಾಹಿತ್ಯ

ನಮ್ಮಲ್ಲಿ ವರ್ಷವರ್ಷವೂ ಸಾವಿರಗಟ್ಟಲೆ ಪ್ರತಿಗಳಲ್ಲಿ ಬರೆಯಲ್ಪಡುವ, ಒಬ್ಬನೇ ಒಬ್ಬ ಓದುಗನಿಂದ ಅದೂ ಅವಸರದಲ್ಲಿ ಓದಲ್ಪಡುವ, ಅನಂತರ ಕಾಲೇಜಿನ ಬೀರುವಿನಲ್ಲಿ ಧೂಳು ಹಿಡಿಯುವ ಗದ್ಯಪ್ರಕಾರವೊಂದುಂಟು. ಸಾಹಿತ್ಯಚರಿತ್ರೆಗಳು ಅದರ ಹೆಸರೆತ್ತುವುದಿಲ್ಲ. ಸಮ್ಮೇಳನಗಳಲ್ಲಿ ಅದಕ್ಕೊಂದು ಗೋಷ್ಠಿಯಿಲ್ಲ. ಕಾನೂನು ವಿದ್ಯಾರ್ಥಿಯ ಕೋರ್ಟು ದಿನಚರಿಯೇ ಅದು. ಬಾರ್ ಕೌನ್ಸಿಲಿನ 2008ರ ನಿಯಮಗಳಂತೆ ವಿದ್ಯಾರ್ಥಿಯು ತನ್ನ ಓದಿನ ಕೊನೆಯ ಎರಡು ಮೂರು ವರ್ಷಗಳಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್, ಹೀಗೆ ಎರಡು ಮೊಕದ್ದಮೆಗಳ ವಿಚಾರಣೆಯನ್ನು ಕೋರ್ಟಿನಲ್ಲಿ ಕುಳಿತು ನೋಡಬೇಕು. ಬೇರೆ ಬೇರೆ ದಿನಗಳಲ್ಲಿ ಕಂಡ ಹಂತಗಳನ್ನು ಬರೆದಿಡಬೇಕು. ಇದಕ್ಕೆ 30 ಅಂಕ.

ಅಂಕಕ್ಕಾಗಿ ಬರೆದುದನ್ನು ಸಾಹಿತ್ಯದ ತಕ್ಕಡಿಯಲ್ಲಿ ತೂಗುವುದುಂಟೆ ಎಂದು ವಾಚಕರು ನಗಬಹುದು. ಆದರೆ ರಾಜರ ಆಣತಿಯಂತೆ ಬರೆದ ಶಾಸನಗಳನ್ನು ನಾವು ಕಾವ್ಯವೆಂದು ಓದುತ್ತೇವೆ, ಅಣ್ಣ ತಮ್ಮನಿಗೆ ಬರೆದ ಕಾಗದಗಳನ್ನು ಗದ್ಯವೆಂದು ಓದುತ್ತೇವೆ. ಬರೆದವನಿಗೆ ಬಲವಂತವಿತ್ತೆ ಎಂಬುದು ವಿಮರ್ಶೆಯ ಪ್ರಶ್ನೆಯಲ್ಲ. ಅವನು ಏನು ಕಂಡ, ಕಂಡುದರಲ್ಲಿ ಎಷ್ಟು ಭಾಗ ಕಾಗದದ ಮೇಲೆ ಉಳಿಯಿತು, ಇದು ಪ್ರಶ್ನೆ. ಆ ದೃಷ್ಟಿಯಿಂದ ನೋಡಿದರೆ ಈ ದಿನಚರಿಗಳ ಸ್ಥಿತಿ ಚಿಂತಾಜನಕವೆಂದೇ ಹೇಳಬೇಕು.

ಇಂಥ ನೋಟುಪುಸ್ತಕಗಳನ್ನು ಹತ್ತಿಪ್ಪತ್ತು ತಿರುವಿ ಹಾಕಿದವರಿಗೆ ಮೊದಲು ಕಾಣುವುದು ಅವೆಲ್ಲ ಒಂದೇ ಕೈ ಬರೆದಂತಿವೆ ಎಂಬುದು. ಮೊದಲ ಪುಟದಲ್ಲಿ ಕೋರ್ಟಿನ ಹೆಸರು, ಮೊಕದ್ದಮೆಯ ಸಂಖ್ಯೆ, ಉಭಯ ಪಕ್ಷಗಳ ವಕೀಲರು. ಎರಡನೆಯ ಪುಟದಲ್ಲಿ ಪ್ರಕರಣದ ಸಂಗತಿಗಳು. ಮೂರನೆಯದರಲ್ಲಿ ಮುಖ್ಯ ವಿಚಾರಣೆ, ನಾಲ್ಕನೆಯದರಲ್ಲಿ ಪಾಟೀಸವಾಲು, ಕೊನೆಗೆ ‘ಈ ಭೇಟಿಯಿಂದ ನಾನು ಬಹಳ ಕಲಿತೆನು’ ಎಂಬ ಮಂಗಳ. ಏನು ಕಲಿತನೆಂದು ಹೇಳುವುದಿಲ್ಲ. ಸಾಕ್ಷಿ ಗಂಡಸೋ ಹೆಂಗಸೋ, ಹಳ್ಳಿಯವನೋ ಪೇಟೆಯವನೋ, ನಡುಗಿದನೋ ನಕ್ಕನೋ, ಒಂದೂ ತಿಳಿಯದು. ವಿದ್ಯಾರ್ಥಿ ಕೋರ್ಟಿಗೆ ಹೋಗುವ ಮೊದಲೇ ಪಠ್ಯಪುಸ್ತಕದ ಅಧ್ಯಾಯಗಳ ಹೆಸರುಗಳನ್ನು ಬಲ್ಲವನಾದುದರಿಂದ, ಆ ಹೆಸರುಗಳನ್ನು ಮಾತ್ರ ಅಲ್ಲಿ ಕಂಡು ಬರುತ್ತಾನೆ. ಕೆಲವರು ಹೋಗದೆಯೇ ಬರೆಯುತ್ತಾರೆಂಬ ಮಾತೂ ಇದೆ. ಹೋದವರ ಪುಸ್ತಕಕ್ಕೂ ಹೋಗದವರ ಪುಸ್ತಕಕ್ಕೂ ಓದುಗನಿಗೆ ಭೇದ ಕಾಣದಿರುವುದೇ ನನ್ನ ಆಕ್ಷೇಪಣೆ.

ಹಾಗಾದರೆ ಅಲ್ಲಿ ಕಾಣುವುದೇನು? ಮೊದಲ ಸಲ ಜಿಲ್ಲೆಯ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನಿಗೆ ಮೊದಲ ಅರ್ಧ ಗಂಟೆ ಏನೂ ಕೇಳಿಸುವುದಿಲ್ಲ. ಇದು ಎಲ್ಲ ವಿದ್ಯಾರ್ಥಿಗಳ ಅನುಭವ, ಆದರೂ ಯಾವ ದಿನಚರಿಯಲ್ಲೂ ಇಲ್ಲ. ನ್ಯಾಯಾಧೀಶರು ಎತ್ತರದ ಪೀಠದಲ್ಲಿ. ಅವರ ಕೆಳಗೆ ಬೆಂಚ್ ಕ್ಲರ್ಕ್, ಕಡತಗಳ ರಾಶಿ, ಬೆರಳಚ್ಚಿನವರು. ಅವರ ಮುಂದೆ ಕರಿಕೋಟುಗಳ ಗೋಡೆ. ಮಾತೆಲ್ಲವೂ ಆ ಗೋಡೆಯ ಆಚೆ ನಡೆಯುತ್ತದೆ. ಬಾಗಿಲಲ್ಲಿ ನಿಂತ ಜವಾನ ಹೆಸರುಗಳನ್ನು ಕೂಗುತ್ತಾನೆ, ಮೂರು ಸಲ; ಆ ಧ್ವನಿ ಒಂದೇ ಸ್ಪಷ್ಟ. ಹೆಸರಿನವನು ಜಗುಲಿಯಿಂದ ಧಾವಿಸಿ ಬಂದು, ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ, ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ, ಬೆಂಚ್ ಕ್ಲರ್ಕಿಗೇ ಮುಗಿದುಬಿಡುತ್ತಾನೆ. ಒಂದು ನಿಮಿಷ. ಒಂದು ದಿನಾಂಕ. ಅವನು ಹೊರಗೆ. ಏನಾಯಿತೆಂದು ಅವನು ತನ್ನ ವಕೀಲರ ಗುಮಾಸ್ತನನ್ನು ಕೇಳುತ್ತಾನೆ. ಮುಂದಿನ ಹೆಸರು.

ಹನ್ನೊಂದು ಗಂಟೆಗೆ ಕೋರ್ಟು ಕುಳಿತರೆ ಮಧ್ಯಾಹ್ನದವರೆಗೂ ಬಹುಪಾಲು ಇದೇ. ವಾಯಿದೆ, ವಾರಂಟು ಹಿಂಪಡೆಯುವ ಅರ್ಜಿ, ಜಾಮೀನುದಾರನ ಪಹಣಿ ಪತ್ರ, ಮತ್ತೆ ವಾಯಿದೆ. ಸಿನಿಮಾ ನೋಡಿ ಹೋದ ಹುಡುಗನಿಗೆ ಇದು ಕೋರ್ಟೆಂದು ನಂಬುಗೆ ಬರುವುದಿಲ್ಲ. ‘ನಿಜವಾದ ವಿಚಾರಣೆ’ ಯಾವಾಗ ಆರಂಭವಾಗುತ್ತದೆಂದು ಕಾಯುತ್ತಾನೆ. ಅವನು ಕಾಯುತ್ತಿರುವುದೇ ವಿಚಾರಣೆ. ಕಟಕಟೆಯೊಳಗಿನ ಆಪಾದಿತನೂ ಅದನ್ನೇ ಮಾಡುತ್ತಿದ್ದಾನೆ, ಅವನಿಗೂ ಏನೂ ಕೇಳಿಸುತ್ತಿಲ್ಲ. ಅವನ ಸ್ವಾತಂತ್ರ್ಯದ ಪ್ರಶ್ನೆ ಅವನ ಕಿವಿಗೆ ಬೀಳದಷ್ಟು ದೂರದಲ್ಲಿ ಇತ್ಯರ್ಥವಾಗುತ್ತಿದೆ. ವಿದ್ಯಾರ್ಥಿಗೂ ಆಪಾದಿತನಿಗೂ ಇರುವ ಈ ಸಾಮ್ಯವನ್ನು ಒಬ್ಬ ಹುಡುಗನಾದರೂ ಬರೆದಿಟ್ಟರೆ ನಾನು ಅವನಿಗೆ ಮೂವತ್ತಕ್ಕೆ ಮೂವತ್ತು ಕೊಟ್ಟೇನು.

ಹಿಂದಿನ ಬೆಂಚಿನ ಬರವಣಿಗೆ ಹೀಗೆ ಬಡವಾಗಿರಬೇಕಾದ ಕಾರಣವೇನೂ ಇಲ್ಲ. ಇಂಗ್ಲೆಂಡಿನ ಕಾನೂನಿನ ಇಡೀ ವಾಙ್ಮಯ ಹುಟ್ಟಿದುದೇ ಅಲ್ಲಿಂದ ಎನ್ನಬಹುದು. ಹದಿಮೂರನೆಯ ಶತಮಾನದ ಕೊನೆಯಿಂದ 1535ರ ವರೆಗೆ ‘ಇಯರ್ ಬುಕ್ಸ್’ ಎಂಬ ವಾರ್ಷಿಕ ವರದಿಗಳ ಸಾಲೊಂದಿದೆ. ಬರೆದವರ ಹೆಸರಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಅವುಗಳ ಕೆಲವು ಸಂಪುಟಗಳನ್ನು ಸಂಪಾದಿಸಿದ ಮೇಟ್‍ಲೆಂಡ್ ಎಂಬ ಮಹಾವಿದ್ವಾಂಸನು, ಇವು ಸರಕಾರಿ ದಾಖಲೆಗಳಲ್ಲ, ಕೋರ್ಟಿನಲ್ಲಿ ಕುಳಿತು ಕಸುಬು ಕಲಿಯುತ್ತಿದ್ದ ಶಿಷ್ಯರ ಟಿಪ್ಪಣಿಗಳು ಎಂದು ವಾದಿಸಿದನು. ಓದಿದರೆ ಆ ವಾದ ಒಪ್ಪಿಗೆಯಾಗುತ್ತದೆ. ತೀರ್ಪೇನಾಯಿತೆಂಬುದನ್ನು ಎಷ್ಟೋ ಕಡೆ ಅವರು ಬರೆಯುವುದೇ ಇಲ್ಲ! ಯಾವ ವಕೀಲ ಯಾವ ಪಟ್ಟು ಹಾಕಿದ, ಎದುರಾಳಿ ಹೇಗೆ ತಪ್ಪಿಸಿಕೊಂಡ, ನ್ಯಾಯಾಧೀಶ ಯಾರನ್ನು ಗದರಿದ, ಯಾರು ಯಾವ ಚಟಾಕಿ ಹಾರಿಸಿದ, ಅದು ಬೇಕು ಅವರಿಗೆ. ದಾಖಲೆ ಬರೆಯುವ ಗುಮಾಸ್ತ ಲ್ಯಾಟಿನ್‍ನಲ್ಲಿ ಫಲಿತಾಂಶವನ್ನು ಬರೆದುಕೊಳ್ಳುತ್ತಿದ್ದಾಗ, ಹುಡುಗರು ಆಡಿದ ಮಾತನ್ನು ಕೋರ್ಟಿನ ಫ್ರೆಂಚಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಏಳು ಶತಮಾನಗಳ ಬಳಿಕ ನಮಗೆ ಆ ಕೋರ್ಟಿನ ಗಾಳಿ ತಾಗುವುದು ಗುಮಾಸ್ತನ ಲ್ಯಾಟಿನ್‍ನಿಂದಲ್ಲ.

ಈ ಎರಡು ಬರವಣಿಗೆಗಳ ಭೇದ ಇಂದಿಗೂ ಜೀವಂತವಾಗಿದೆ, ಮತ್ತು ಅದರಲ್ಲಿ ಬರಿಯ ಸಾಹಿತ್ಯರುಚಿಗಿಂತ ಹೆಚ್ಚಿನದು ಅಡಗಿದೆ. ನಮ್ಮ ಕೋರ್ಟುಗಳಲ್ಲಿ ಸಾಕ್ಷ್ಯವನ್ನು ಬರೆದುಕೊಳ್ಳುವ ಕ್ರಮವನ್ನು ಗಮನಿಸಬೇಕು. ಕಾನೂನು ಹೇಳುವಂತೆ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನರೂಪದಲ್ಲಿ ಬರೆಯತಕ್ಕದ್ದು. ನ್ಯಾಯಾಧೀಶರಿಗೆ ಬೇಕೆನಿಸಿದರೆ ಮಾತ್ರ ಪ್ರಶ್ನೋತ್ತರ ರೂಪದಲ್ಲಿ. ವಕೀಲರು ಕೇಳುತ್ತಾರೆ, ಸಾಕ್ಷಿ ಉತ್ತರಿಸುತ್ತಾನೆ, ನ್ಯಾಯಾಧೀಶರು ಆ ಎರಡನ್ನೂ ಬೆಸೆದು ಒಂದು ವಾಕ್ಯ ಮಾಡಿ ಬೆರಳಚ್ಚಿನವರಿಗೆ ಹೇಳುತ್ತಾರೆ. ಕಾಗದದ ಮೇಲೆ ಪ್ರಶ್ನೆ ಮಾಯವಾಗಿ, ಸಾಕ್ಷಿ ತಾನೇ ತಾನಾಗಿ ಕಥೆ ಹೇಳಿದಂತೆ ಆಗುತ್ತದೆ: ‘ನಾನು ಆಪಾದಿತನನ್ನು ಐದು ವರ್ಷಗಳಿಂದ ಬಲ್ಲೆ. ಸದರಿ ದಿನ ನಾನು ಸದರಿ ಸ್ಥಳದಲ್ಲಿ ಹಾಜರಿದ್ದೆ.’ ಅವನು ಹಾಗೆ ಹೇಳಿರುವುದಿಲ್ಲ. ‘ಹೂಂ ಸ್ವಾಮಿ’ ಎಂದಿರುತ್ತಾನೆ. ಪಾಟೀಸವಾಲಿನಲ್ಲಿ ಇನ್ನೂ ವಿಚಿತ್ರ: ‘ನಾನು ದ್ವೇಷದಿಂದ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ವಾಕ್ಯ ರೈತನೊಬ್ಬನ ಬಾಯಿಗೆ ಬರುತ್ತದೆ. ಈ ‘ಎಂದರೆ ಸರಿಯಲ್ಲ’ ಕನ್ನಡ ಗದ್ಯದ ಒಂದು ವಿಶಿಷ್ಟ ಸೃಷ್ಟಿ. ಕೋರ್ಟಿನ ಹೊರಗೆ ಯಾರ ಬಾಯಲ್ಲೂ ಕೇಳಿಬರುವುದಿಲ್ಲ.

ಇದರಲ್ಲಿ ಯಾರ ಕುತಂತ್ರವೂ ಇಲ್ಲ. ನೂರು ಕಡತಗಳ ದಿನದಲ್ಲಿ ಪ್ರತಿ ಶಬ್ದವನ್ನೂ ಬರೆಯಲು ಕೂತರೆ ಕೋರ್ಟು ನಡೆಯದು. ಆದರೆ ಮುಂದೆ ಮೇಲ್ಮನವಿಗೆ ಹೋದಾಗ ಮೇಲಿನ ನ್ಯಾಯಾಧೀಶರ ಮುಂದೆ ಬರುವುದು ಈ ಕಾಗದವೇ ಹೊರತು ಆ ಮನುಷ್ಯನಲ್ಲ. ಸಾಕ್ಷಿ ತಡವರಿಸಿದನೆ, ಪ್ರಶ್ನೆ ಅರ್ಥವಾಗದೆ ತಲೆಯಾಡಿಸಿದನೆ, ಯಾರ ಮುಖವನ್ನಾದರೂ ನೋಡಿ ಮಾತು ನಿಲ್ಲಿಸಿದನೆ, ಇವೆಲ್ಲ ಕಳೆದುಹೋಗಿರುತ್ತವೆ. ಸಾಕ್ಷಿಯ ನಡವಳಿಕೆಯ ಬಗ್ಗೆ ಟೀಕೆ ಬರೆದಿಡುವ ಅವಕಾಶವನ್ನು ಕಾನೂನು ನ್ಯಾಯಾಧೀಶರಿಗೆ ಕೊಟ್ಟಿದೆ, ಬಿಡುವು ಕೊಟ್ಟಿಲ್ಲ. ಆಗ ಆ ಕೋಣೆಯಲ್ಲಿ ಪಕ್ಷವಿಲ್ಲದ, ಶುಲ್ಕವಿಲ್ಲದ, ಅವಸರವಿಲ್ಲದ ಕಣ್ಣು ಎಂದರೆ ಹಿಂದಿನ ಬೆಂಚಿನದೊಂದೇ. ಅದು ಕಂಡುದು ಸಾಕ್ಷ್ಯವಾಗದು, ನಿಜ. ಯಾವ ನ್ಯಾಯಾಧೀಶರೂ ವಿದ್ಯಾರ್ಥಿಯ ನೋಟುಪುಸ್ತಕವನ್ನು ತರಿಸಿ ನೋಡುವುದಿಲ್ಲ. ಆದರೆ ಅಲ್ಲಿ ಕುಳಿತ ಹುಡುಗ ಹತ್ತು ವರ್ಷಗಳ ಮೇಲೆ ಅದೇ ಕೋರ್ಟಿನಲ್ಲಿ ವಕೀಲನಾಗಿ ನಿಲ್ಲುತ್ತಾನೆ, ಇಪ್ಪತ್ತು ವರ್ಷಗಳ ಮೇಲೆ ಪೀಠದಲ್ಲೂ ಕೂಡಬಹುದು. ‘ಹೂಂ ಸ್ವಾಮಿ’ ಎಂಬುದು ‘ಸದರಿ ದಿನ ಹಾಜರಿದ್ದೆ’ ಎಂದಾಗುವುದನ್ನು ಒಮ್ಮೆ ಕಣ್ಣಾರೆ ಕಂಡು ಕೈಯಾರೆ ಬರೆದವನು ಸಾಕ್ಷ್ಯದ ಕಾಗದವನ್ನು ಮುಂದೆಂದೂ ಅಷ್ಟು ನೆಮ್ಮದಿಯಿಂದ ಓದಲಾರ.

ಪ್ರಾಮಾಣಿಕ ಕೋರ್ಟು ದಿನಚರಿ ಹೇಗಿರಬೇಕೆಂಬುದಕ್ಕೆ ಮಾದರಿ ಬೇಕಾದವರು ಗಾಂಧೀಜಿಯ ಆತ್ಮಕಥೆಯನ್ನು ತೆರೆಯಬಹುದು. 1891ರ ಜೂನ್ 10ರಂದು ಬ್ಯಾರಿಸ್ಟರಾಗಿ, ಮರುದಿನ ಅಲ್ಲಿನ ಹೈಕೋರ್ಟಿನಲ್ಲಿ ಹೆಸರು ದಾಖಲಿಸಿ, ಅದರ ಮರುದಿನವೇ ಹಡಗು ಹತ್ತಿದ ಯುವಕ ಮುಂಬಯಿಗೆ ಬಂದು ಅನುಭವಕ್ಕಾಗಿ ದಿನವೂ ಹೈಕೋರ್ಟಿಗೆ ಹೋಗಿ ಕೂಡುತ್ತಾನೆ. ಪದವಿ ಕೈಯಲ್ಲಿದ್ದರೂ ಅವನು ಇನ್ನೂ ವಿದ್ಯಾರ್ಥಿಯೇ. ಅಲ್ಲಿ ಏನು ಕಲಿತ? ಏನೂ ಇಲ್ಲವೆಂದೇ ಬರೆಯುತ್ತಾರೆ. ವಾದಗಳ ಎಳೆ ಸಿಗದೆ ನಿದ್ದೆ ಬರುತ್ತಿತ್ತು. ಜತೆಗೆ ತೂಕಡಿಸುವವರು ಬೇರೆಯವರೂ ಇದ್ದುದರಿಂದ ನಾಚಿಕೆ ಕಡಿಮೆಯಾಯಿತು. ಕ್ರಮೇಣ ಹೈಕೋರ್ಟಿನಲ್ಲಿ ತೂಕಡಿಸುವುದೇ ದೊಡ್ಡಸ್ತಿಕೆಯೆಂಬ ಭಾವನೆಯೂ ಬಂತು. ಇನ್ನೊಂದು ಪ್ರಸಂಗ 30 ರೂಪಾಯಿ ಶುಲ್ಕದ ಮೊದಲ ಮೊಕದ್ದಮೆ: ಸ್ಮಾಲ್ ಕಾಸ್ ಕೋರ್ಟಿನಲ್ಲಿ ಪಾಟೀಸವಾಲಿಗೆಂದು ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟದ್ದು. ಈ ಎರಡು ಪ್ರಸಂಗಗಳು ಒಂದರ ಪಕ್ಕ ಒಂದು ಇರುವುದರಲ್ಲೇ ಅರ್ಥವಿದೆ. ಬೆಂಚಿನ ನಿದ್ದೆಗೂ ಎದ್ದು ನಿಂತಾಗಿನ ತಲೆತಿರುಗಿಗೂ ಇರುವ ನಂಟನ್ನು ಅವರು ಬಿಡಿಸಿ ಹೇಳುವುದಿಲ್ಲ. ಹೇಳದಿರುವುದು ಒಳ್ಳೆಯದೇ ಆಯಿತು. ನಮ್ಮ ವಿದ್ಯಾರ್ಥಿಗಳ ‘ಬಹಳ ಕಲಿತೆನು’ ಎಂಬ ಮಂಗಳದ ಪಕ್ಕದಲ್ಲಿ ಈ ಪುಟಗಳನ್ನಿಟ್ಟು ನೋಡಿದರೆ, ಗದ್ಯಕ್ಕೆ ಬೆನ್ನೆಲುಬು ಎಲ್ಲಿಂದ ಬರುತ್ತದೆಂಬುದು ತಿಳಿಯುತ್ತದೆ.

ಕೋರ್ಟಿನ ಬೆಂಚಿನಿಂದ ಎದ್ದು ಬಂದ ಕಾದಂಬರಿಕಾರರಲ್ಲಿ ಡಿಕನ್ಸ್‌ನನ್ನು ಬಿಡುವಂತಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, 1827ರಲ್ಲಿ, ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಆಮೇಲೆ ಶೀಘ್ರಲಿಪಿ ಕಲಿತು ‘ಡಾಕ್ಟರ್ಸ್ ಕಾಮನ್ಸ್’ ಎಂಬ ಹಳೆಯ ನ್ಯಾಯಸ್ಥಾನದಲ್ಲಿ ವರದಿಗಾರನಾಗಿದ್ದವನು. ‘ಪಿಕ್‍ವಿಕ್’ ಕಾದಂಬರಿಯ ಮೊಕದ್ದಮೆ ಜಗತ್ಪ್ರಸಿದ್ಧ; ಮಾಂಸದ ತುಂಡಿಗೂ ಟೊಮೇಟೋ ಸಾರಿಗೂ ಪ್ರಣಯಾರ್ಥ ಕಟ್ಟುವ ಆ ವಕೀಲನನ್ನು ಓದಿ ನಗದವರಿಲ್ಲ. ಆದರೆ ನನಗೆ ಆ ಅಧ್ಯಾಯ ಈಗ ಹಿಂದಿನಷ್ಟು ರುಚಿಸುವುದಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ, ಒಂದೇ ದಿನದಲ್ಲಿ ಮುಗಿಯುತ್ತದೆ. ಅದು ರಂಗಸ್ಥಳದ ಕೋರ್ಟು. ಹದಿನೈದು ವರ್ಷಗಳ ಮೇಲೆ, 1852–53ರಲ್ಲಿ ಬಂದ ‘ಬ್ಲೀಕ್ ಹೌಸ್’ನಲ್ಲಿ ಮಾತ್ರ ಹಿಂದಿನ ಬೆಂಚು ನೆನಪಾಗಿದೆ: ಮಂಜು ಕವಿದ ಚಾನ್ಸರಿ ಕೋರ್ಟು, ಯಾರಿಗೂ ತಲೆಬುಡ ತಿಳಿಯದ ಆಸ್ತಿಯ ದಾವಾ, ದಿನವೂ ತಪ್ಪದೆ ಬಂದು ಕೂಡುವ ಹುಚ್ಚಿಯಂಥ ಮುದುಕಿ. ದಾವಾ ಮುಗಿಯುವುದು ತೀರ್ಪಿನಿಂದಲ್ಲ, ಇಡೀ ಆಸ್ತಿ ಖರ್ಚಿಗೆ ಕರಗಿಹೋದುದರಿಂದ. ನಮ್ಮ ತಾಲ್ಲೂಕು ಕೋರ್ಟುಗಳ ಪಾಲುಪಟ್ಟಿ ದಾವಾಗಳನ್ನು ಬಲ್ಲ ಕನ್ನಡಿಗನಿಗೆ ಆ ಇಂಗ್ಲಿಷ್ ಮಂಜು ಪರಕೀಯವೆನಿಸದು. ಪ್ರಾಗಿನ ಕಾಫ್ಕಾನನ್ನೂ ಇಲ್ಲಿ ನೆನೆಯಬೇಕು. 1906ರಲ್ಲಿ ಕಾನೂನಿನ ಡಾಕ್ಟರೇಟ್ ಪಡೆದು ಒಂದು ವರ್ಷ ಸಂಬಳವಿಲ್ಲದೆ ಕೋರ್ಟುಗಳಲ್ಲಿ ತರಬೇತಿಗೆ ಕುಳಿತವನು ಅವನು. ಅವನ ‘ವಿಚಾರಣೆ’ ಕಾದಂಬರಿಯನ್ನು ಕನಸೆಂದೂ ದೃಷ್ಟಾಂತವೆಂದೂ ಓದುವ ಪಂಡಿತರಿದ್ದಾರೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಜಗುಲಿಯಲ್ಲಿ ಒಂದು ಬೆಳಗ್ಗೆ ನಿಂತವರು ಅದರ ಎಷ್ಟೋ ಭಾಗವನ್ನು ವಾಸ್ತವಚಿತ್ರಣವೆಂದೇ ಓದಿಯಾರು.

ನಮ್ಮ ಕಣ್ಣಿಗೆ ಕೋರ್ಟಿನ ಚಿತ್ರವನ್ನು ಕೊಟ್ಟದ್ದು ಕಾದಂಬರಿಗಳಲ್ಲ, ಚಲನಚಿತ್ರಗಳು. ಸುತ್ತಿಗೆ ಕುಟ್ಟಿ ‘ಆರ್ಡರ್ ಆರ್ಡರ್’ ಎನ್ನುವ ನ್ಯಾಯಾಧೀಶ, ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುವ ಸಾಕ್ಷಿ, ಕೊನೆಯ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ‘ನಿಲ್ಲಿಸಿ’ ಎಂದು ಬರುವ ನಾಯಕ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆಯ ರೂಢಿಯಿಲ್ಲ. 1969ರ ಪ್ರಮಾಣಗಳ ಕಾಯಿದೆಯ ನಮೂನೆಯಲ್ಲಿ ಯಾವ ಗ್ರಂಥವೂ ಇಲ್ಲ. ದೇವರ ಹೆಸರಿನಲ್ಲಿ ಆಣೆ, ಅಥವಾ ಸತ್ಯನಿಷ್ಠೆಯ ಪ್ರತಿಜ್ಞೆ, ಅಷ್ಟೆ. ಕೊನೆಯ ಗಳಿಗೆಯ ನಾಯಕನಿಗೆ ದೊರೆಯುವುದು ಮುಂದಿನ ತಾರೀಖು. ಇವು ಸಣ್ಣ ತಪ್ಪುಗಳೆಂದು ಬಿಡಬಹುದಾಗಿತ್ತು. ಆದರೆ ಕೋರ್ಟೆಂದರೆ ಸತ್ಯ ಒಮ್ಮೆಲೇ ಸ್ಫೋಟಗೊಳ್ಳುವ ಜಾಗವೆಂಬ ನಂಬಿಕೆಯನ್ನು ಜನರಲ್ಲಿ ಬಿತ್ತಿದ್ದು ಸಣ್ಣದಲ್ಲ. ಮೊದಲ ಸಲ ಕೋರ್ಟಿಗೆ ಹೋದ ವಿದ್ಯಾರ್ಥಿಯ ನಿರಾಸೆಗೆ ಅರ್ಧ ಕಾರಣ ಇದು. ಕಕ್ಷಿದಾರರ ನಿರಾಸೆಗೂ.

ರಂಗಭೂಮಿಯಲ್ಲಿ ವಿಜಯ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ನಾಟಕದ ಜಾಣ್ಮೆ ಬೇರೆ. ಹವ್ಯಾಸಿ ತಂಡದವರು ಹೊತ್ತು ಕಳೆಯಲೆಂದು ಆಡುವ ಅಣಕು ವಿಚಾರಣೆ ಬೇಣಾರೆಬಾಯಿಯ ನಿಜವಾದ ವಧೆಯಾಗುತ್ತದೆ. ಕೋರ್ಟಿನ ಶಬ್ದಗಳು, ಕೋರ್ಟಿನ ಎದ್ದುಕೂರುವ ಕ್ರಮ ಸಾಮಾನ್ಯರ ಕೈಗೆ ಸಿಕ್ಕರೆ ಎಂಥ ಆಯುಧವಾದೀತೆಂಬುದನ್ನು ಅದರಷ್ಟು ತೀಕ್ಷ್ಣವಾಗಿ ಬೇರಾವ ಭಾರತೀಯ ನಾಟಕವೂ ತೋರಿಲ್ಲ. ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯಗಳಲ್ಲಿ ಬೆಳಗುವ ಹುಡುಗರು ಇದನ್ನು ಓದಬೇಕು. ಆದರೂ ಇದು ಕೋರ್ಟಿನ ನಾಟಕವಲ್ಲ, ಕೋರ್ಟಿನ ವೇಷ ತೊಟ್ಟ ಸಮಾಜದ ನಾಟಕ.

ಕೋರ್ಟನ್ನು ಕೋರ್ಟಾಗಿ ಕಂಡ ಕೃತಿಯೆಂದರೆ ಚೈತನ್ಯ ತಮ್ಹಾಣೆಯವರ ‘ಕೋರ್ಟ್’, 2014ರ ಮರಾಠಿ ಚಿತ್ರ. ವೆನಿಸ್ಸಿನಲ್ಲಿ ಬಹುಮಾನ ಪಡೆದು, ಮರುವರ್ಷ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ತರುಣ ನಿರ್ದೇಶಕ ಮುಂಬಯಿಯ ಕೆಳಕೋರ್ಟಿಗೆ ಹೋಗಿ ಕುಳಿತು ನೋಡಿದುದರಿಂದ ಹುಟ್ಟಿದ ಚಿತ್ರವಿದು. ಚಿತ್ರದ ಪ್ರತಿ ಅಂಗದಲ್ಲೂ ಹಿಂದಿನ ಬೆಂಚು ಕಾಣುತ್ತದೆ. ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ಕೂತಿರುತ್ತದೆ. ಮುಖ್ಯ ಮೊಕದ್ದಮೆಗೆ ಮೊದಲು ಬೇರೆಯವರ ಮೊಕದ್ದಮೆಗಳ ತುಣುಕುಗಳು ಹಾದುಹೋಗುತ್ತವೆ. ನಾರಾಯಣ ಕಾಂಬಳೆ ಎಂಬ ವೃದ್ಧ ಲಾವಣಿಕಾರನ ಹಾಡು ಕೇಳಿ ಚರಂಡಿ ಕಾರ್ಮಿಕನೊಬ್ಬ ಪ್ರಾಣ ಕಳೆದುಕೊಂಡನೆಂಬುದು ಆರೋಪ. ಆರೋಪದ ಅಸಂಬದ್ಧತೆಯ ಮೇಲೆ ಯಾರೂ ಸಿಡಿಯುವುದಿಲ್ಲ. ನ್ಯಾಯಾಧೀಶರು ತಣ್ಣಗೆ ವಾಕ್ಯಗಳನ್ನು ಬರೆಸುತ್ತಾರೆ. ಸರಕಾರಿ ವಕೀಲೆ ಹಳೆಯ ಕಾಯಿದೆಯನ್ನು ಏಕಸ್ವರದಲ್ಲಿ ಓದುತ್ತಾಳೆ. ತೋಳಿಲ್ಲದ ರವಿಕೆ ತೊಟ್ಟು ಬಂದಳೆಂದು ಒಬ್ಬ ಹೆಂಗಸಿನ ಮೊಕದ್ದಮೆಯನ್ನೇ ತೆಗೆದುಕೊಳ್ಳದೆ ಮುಂದೂಡಲಾಗುತ್ತದೆ, ಅರ್ಧ ನಿಮಿಷದಲ್ಲಿ. ಸತ್ತ ಕಾರ್ಮಿಕನ ಹೆಂಡತಿ ಸಾಕ್ಷಿ ಹೇಳುವ ದೃಶ್ಯ ಈ ಚಿತ್ರದ ಹೃದಯ. ಗಂಡನಿಗೆ ರಕ್ಷಣೆಯ ಸಲಕರಣೆ ಯಾವುದೂ ಇರಲಿಲ್ಲ, ಕುಡಿದು ಗುಂಡಿಗೆ ಇಳಿಯುತ್ತಿದ್ದ, ಜಿರಳೆ ಬಂದರೆ ಗಾಳಿ ಇದೆಯೆಂದು ತಿಳಿಯುತ್ತಿದ್ದ, ಇದನ್ನೆಲ್ಲ ಅವಳು ಏರಿಳಿವಿಲ್ಲದ ಧ್ವನಿಯಲ್ಲಿ ಹೇಳುತ್ತಾಳೆ. ಇಡೀ ಮೊಕದ್ದಮೆ ಅಲ್ಲಿಗೆ ಕುಸಿದಿದೆ; ಕೋಣೆಯಲ್ಲಿ ಯಾರ ರೆಪ್ಪೆಯೂ ಅಲುಗುವುದಿಲ್ಲ.

ಆದರೆ ಚಿತ್ರದ ಕೊನೆಯ ಭಾಗವನ್ನು ನಾನು ಪೂರ್ತಿ ಒಪ್ಪಲಾರೆ. ಬೇಸಗೆ ರಜೆ ಬಂದು ಕೋರ್ಟಿನ ದೀಪಗಳು ಒಂದೊಂದಾಗಿ ಆರುತ್ತವೆ, ಪರದೆ ಕತ್ತಲಾಗುತ್ತದೆ. ಚಿತ್ರ ಅಲ್ಲಿಗೆ ನಿಂತಿದ್ದರೆ ಚೆನ್ನಿತ್ತು. ಬಳಿಕ ನ್ಯಾಯಾಧೀಶರನ್ನು ವಿಹಾರಕ್ಕೆ ಕರೆದೊಯ್ದು, ಉಂಗುರದ ಹರಳು, ಅದೃಷ್ಟದ ಸಂಖ್ಯೆ ಮೊದಲಾದ ಅವರ ನಂಬುಗೆಗಳನ್ನು ತೋರಿಸಿ, ಬೆಂಚಿನ ಮೇಲೆ ನಿದ್ದೆ ಮಾಡಿಸಿ, ಕೂಗಿ ಎಬ್ಬಿಸಿದ ಮಕ್ಕಳಲ್ಲಿ ಒಬ್ಬನ ಕೆನ್ನೆಗೆ ಹೊಡೆಸುವುದು ನಿರ್ದೇಶಕರ ತೀರ್ಪು. ಎರಡು ಗಂಟೆ ತೀರ್ಪು ಕೊಡದೆ ನೋಡಿದ ಕಣ್ಣು ಕೊನೆಗೆ ಪೀಠವನ್ನೇರಿಬಿಟ್ಟಿದೆ. ಇದಕ್ಕೆ ಒಪ್ಪದ ರಸಿಕರು ಬಹಳ ಮಂದಿ ಇದ್ದಾರೆಂದು ಬಲ್ಲೆ.

ಈ ಹಿಂದಿನ ಬೆಂಚಿಗೆ ಪ್ರವೇಶವಾದರೂ ಸುಲಭವಾಗಿದೆಯೆ? ಕಾನೂನಿನಲ್ಲಿ ಕೋರ್ಟು ಎಲ್ಲರಿಗೂ ತೆರೆದ ಬಾಗಿಲು. ಅತ್ಯಾಚಾರದಂಥ ಪ್ರಕರಣಗಳಲ್ಲಿ ಮಾತ್ರ ಬಾಗಿಲು ಮುಚ್ಚಿ ವಿಚಾರಣೆ; ಅದು ಸರಿಯಾದ ಕ್ರಮ, ಅಂಥ ಕಡೆ ವಿದ್ಯಾರ್ಥಿಗೆ ಏನೂ ಕೆಲಸವಿಲ್ಲ. ಉಳಿದೆಡೆಗಳಲ್ಲಿ ಅಡ್ಡಿಯೆಂದರೆ ಜಾಗದ ಇಕ್ಕಟ್ಟು, ಜವಾನನ ದೃಷ್ಟಿ. ಸುಪ್ರೀಂ ಕೋರ್ಟಿನಲ್ಲಿ ಸೋಮವಾರ, ಶುಕ್ರವಾರಗಳ ಜನಸಂದಣಿಯ ದಿನ ತರಬೇತಿಯ ವಿದ್ಯಾರ್ಥಿಗಳಿಗೆ ಒಳಗೆ ಪ್ರವೇಶವಿರುತ್ತಿರಲಿಲ್ಲ. ಸ್ವಪ್ನಿಲ್ ತ್ರಿಪಾಠಿ ಎಂಬ ಕಾನೂನು ವಿದ್ಯಾರ್ಥಿ ಇದನ್ನೇ ಪ್ರಶ್ನಿಸಿ ಅರ್ಜಿ ಹಾಕಿದರು. ಆ ಅರ್ಜಿಯ ಮೇಲೆ, ಅದರ ಜತೆ ಸೇರಿದ ಇತರರ ಅರ್ಜಿಗಳ ಮೇಲೆ, 2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪೇ ಕೋರ್ಟಿನ ಕಲಾಪಗಳ ನೇರ ಪ್ರಸಾರಕ್ಕೆ ದಾರಿ ಮಾಡಿದ್ದು. ಒಬ್ಬ ಹುಡುಗ ಬೆಂಚಿನ ಮೇಲೆ ಒಂದು ಜಾಗ ಕೇಳಿದ. ದೇಶಕ್ಕೇ ಒಂದು ಕಿಟಕಿ ದೊರೆಯಿತು. ನಮ್ಮ ಉಚ್ಚ ನ್ಯಾಯಾಲಯದ ಪ್ರಸಾರ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದುವು. ಮರು ತಿಂಗಳೇ ಹಿಜಾಬ್ ಪ್ರಕರಣದ ವಾದಗಳನ್ನು ಜನ ಮನೆಯಲ್ಲೇ ಕುಳಿತು ಕೇಳಿದರು. ಅಠಾರಾ ಕಚೇರಿಯ ಕೆಂಪು ಗೋಡೆಯನ್ನು ಬಸ್ಸಿನಿಂದ ಮಾತ್ರ ಕಂಡಿದ್ದವರಿಗೆ ಅದು ಹೊಸ ಅನುಭವ.

ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಕಿಟಕಿ ಬೆಂಚಾಗದು. ಪ್ರಸಾರದ ಚಿತ್ರದಲ್ಲಿ ನ್ಯಾಯಾಧೀಶರೂ ವಕೀಲರೂ ಕಾಣುತ್ತಾರೆ, ಮಾತು ಬೆಂಚಿಗಿಂತ ಚೆನ್ನಾಗಿ ಕೇಳಿಸುತ್ತದೆ. ಜಗುಲಿ ಕಾಣುವುದಿಲ್ಲ, ಹೆಸರು ಕೂಗಿದಾಗ ಧಾವಿಸುವವನು ಕಾಣುವುದಿಲ್ಲ. ಪೀಠದ ಬಾಯಿಂದ ಜಾರಿದ ಒಂದು ಮಾತನ್ನು ಕತ್ತರಿಸಿ ಊರೆಲ್ಲ ಹಂಚುವ ಚಾಳಿಯೂ ಬೆಳೆದಿದೆ. 2024ರ ಸೆಪ್ಟೆಂಬರಿನಲ್ಲಿ ಇಂಥ ತುಣುಕುಗಳ ಗದ್ದಲ ಎದ್ದಾಗ ಸುಪ್ರೀಂ ಕೋರ್ಟು ಬೆಳಕು ಹೆಚ್ಚಾಯಿತೆಂದು ಕಿಟಕಿ ಮುಚ್ಚಬಾರದೆಂಬ ನಿಲುವನ್ನೇ ತಾಳಿತು. ಸರಿಯಾದ ನಿಲುವು. ಆದರೆ ಕಾನೂನು ವಿದ್ಯಾರ್ಥಿ ಈಗ ಆ ತುಣುಕುಗಳನ್ನೇ ನೋಡಿ ದಿನಚರಿ ಬರೆದರೆ? ಅವನಿಗೆ ಇಯರ್ ಬುಕ್ಕಿನ ಚಟಾಕಿ ಸಿಕ್ಕೀತು, ಪಟ್ಟು ಸಿಗದು. ಇನ್ನು ಸಾಮಾನ್ಯನ ಬದುಕು ತೀರ್ಮಾನವಾಗುವ ಕೆಳಕೋರ್ಟುಗಳಲ್ಲಂತೂ ಇಂದಿಗೂ ಹಿಂದಿನ ಬೆಂಚೇ ಗತಿ.

ಕೊನೆಯದಾಗಿ ಭಾಷೆಯ ವಿಷಯ. 1362ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಜನರಿಗೆ ಅರ್ಥವಾಗದ ಫ್ರೆಂಚನ್ನು ಬಿಟ್ಟು ಇಂಗ್ಲಿಷಿನಲ್ಲಿ ವಾದಿಸಿರೆಂದು ಕಾಯಿದೆ ಮಾಡಿತು. ಕಾಗದಪತ್ರಗಳೂ ಇಂಗ್ಲಿಷಿಗೆ ಬರಬೇಕಾದರೆ 1733ರ ವರೆಗೆ ಕಾಯಬೇಕಾಯಿತು. ನಮ್ಮ ಸಂವಿಧಾನದ 348ನೆಯ ವಿಧಿ ಉಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಎಂದಿದೆ. ರಾಷ್ಟ್ರಪತಿಯ ಒಪ್ಪಿಗೆಯಿಂದ ಬೇರೆ ಭಾಷೆಗೂ ಅವಕಾಶವಿದ್ದು, ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳು ಹಿಂದಿಗೆ ಅದನ್ನು ಪಡೆದಿವೆ. ಕರ್ನಾಟಕವೂ ಕನ್ನಡಕ್ಕಾಗಿ ಕೇಳಿತು, ದೊರೆಯಲಿಲ್ಲ. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಎಡೆಯುಂಟು. ಅಲ್ಲಿ ಸಾಕ್ಷಿ ತನ್ನ ಕನ್ನಡದಲ್ಲೇ ಮಾತಾಡುತ್ತಾನೆ. ಯಾವ ಕನ್ನಡ! ಕಲಬುರಗಿಯವನದು, ಕುಂದಾಪುರದವನದು, ಕೊಳ್ಳೇಗಾಲದವನದು. ಅದು ಮೊದಲು ‘ಸದರಿ’ಯ ಕನ್ನಡವಾಗಿ, ಮೇಲ್ಮನವಿಯ ಹೊತ್ತಿಗೆ ಇಂಗ್ಲಿಷಾಗಿ, ಎರಡು ಸಲ ಬಟ್ಟೆ ಬದಲಾಯಿಸುತ್ತದೆ. ಕನ್ನಡದಲ್ಲಿ ಶೃಂಗಾರದ ಭಾಷೆ, ಭಕ್ತಿಯ ಭಾಷೆ, ಬಂಡಾಯದ ಭಾಷೆಗಳನ್ನೆಲ್ಲ ನಾವು ಸಂಗ್ರಹಿಸಿದ್ದೇವೆ. ಮನುಷ್ಯ ಕಟಕಟೆಯಲ್ಲಿ ನಿಂತಾಗ ಆಡುವ ಭಾಷೆಯ ಸಂಗ್ರಹ ಎಲ್ಲಿಯೂ ಇಲ್ಲ.

ಆದುದರಿಂದ ಕಾನೂನು ಕಾಲೇಜುಗಳ ಅಧ್ಯಾಪಕರಿಗೆ ಒಂದು ಸೂಚನೆ. ದಿನಚರಿಯ ಪುಟವನ್ನು ನಡುವೆ ಗೆರೆ ಹಾಕಿ ಎರಡಾಗಿ ಸೀಳಲಿ. ಎಡಗಡೆ ಸಾಕ್ಷಿ ಆಡಿದ ಮಾತು, ಅವನ ಊರಿನ ಉಚ್ಚಾರದಲ್ಲೇ, ಮೌನಗಳನ್ನೂ ಸೇರಿಸಿ. ಬಲಗಡೆ ಪೀಠದಿಂದ ಬರೆಸಿದ ವಾಕ್ಯ. ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ವಿದ್ಯಾರ್ಥಿ ತನ್ನ ಅಭಿಪ್ರಾಯವನ್ನೂ ಬರೆಯಬೇಕಾಗಿಲ್ಲ, ‘ಬಹಳ ಕಲಿತೆನು’ ಎಂದಂತೂ ಬೇಡವೇ ಬೇಡ. ಅಂಕ ಹಾಕುವವರಿಗೆ ಕೆಲಸ ಹೆಚ್ಚೀತು. ಎಡಗಡೆಯ ಅಂಕಣವನ್ನು ಅವರು ನಿಧಾನವಾಗಿ ಓದಬೇಕಾಗುತ್ತದೆ.